ಲಿಥಿಯಂ ಮಾತ್ರೆ ಮತ್ತು ರಕ್ತದ ಕ್ಯಾಲ್ಸಿಯಂ

ಮನಸ್ಸು ಕೆಲವು ಕಾಲ ಅತಿಯಾದ ಉತ್ಸಾಹಕ್ಕೇರಿ, ಮತ್ತೆ ಕೆಲವು ಕಾಲ ತೀವ್ರ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಇಂದಿಗೂ ಮುಖ್ಯ ಔಷಧವಾಗಿದೆ. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದದ ರೋಗಿಗಳ ಮೇಲೆ ಇದರ ಪರಿಣಾಮವನ್ನು ವರದಿ ಮಾಡಿದರು. ಈ ಅಗ್ಗದ ಲವಣ ಕಾಯಿಲೆ ಮರುಕಳಿಸದಂತೆ ತಡೆಯುವುದಲ್ಲದೆ ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆ. ಆದರೆ ವರ್ಷಗಟ್ಟಲೆ ಸೇವಿಸಬೇಕಾದ ಔಷಧವಾದ್ದರಿಂದ ಇದು ಹಾರ್ಮೋನುಗಳ ಮೇಲೆ ಬೀರುವ ಪ್ರಭಾವವನ್ನೂ ಅರಿತಿರಬೇಕಾಗುತ್ತದೆ.

ಈ ಪೈಕಿ ಥೈರಾಯ್ಡ್ ತೊಂದರೆ ಈಗ ಹೆಚ್ಚಿನವರಿಗೆ ಗೊತ್ತು. ಕುತ್ತಿಗೆಯ ಮುಂಭಾಗದಲ್ಲಿರುವ ಈ ಗ್ರಂಥಿಯಿಂದ ಹಾರ್ಮೋನು ಹೊರಬರುವುದನ್ನು ಲಿಥಿಯಂ ತಡೆಯುವುದರಿಂದ, ವಿಶೇಷವಾಗಿ ಮಹಿಳೆಯರಲ್ಲಿ, ಆಯಾಸ, ತೂಕ ಏರಿಕೆ, ಮಂಕುತನ ಕಾಣಿಸಿಕೊಳ್ಳುತ್ತವೆ. ಥೈರಾಕ್ಸಿನ್ ಮಾತ್ರೆಯಿಂದ ಇದು ಹತೋಟಿಗೆ ಬರುತ್ತದೆ. ಸಾಮಾನ್ಯವಾಗಿ ಲಿಥಿಯಂ ನಿಲ್ಲಿಸಬೇಕಾಗಿಲ್ಲ.

ಹೆಚ್ಚಾಗಿ ಗಮನ ತಪ್ಪುವುದು ಕ್ಯಾಲ್ಸಿಯಂ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ, ಗೋಧಿ ಕಾಳಿನಷ್ಟು ಪುಟ್ಟದಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಹಾರ್ಮೋನು ಸುರಿಸಿ ಮೂಳೆಯಿಂದ ಅದನ್ನು ಹೊರತೆಗೆಯುತ್ತವೆ, ಸಾಕಷ್ಟಿದ್ದಾಗ ಸುಮ್ಮನಾಗುತ್ತವೆ. ಈ ಅಳತೆಯ ಅರಿವನ್ನೇ ಲಿಥಿಯಂ ಮಂದಗೊಳಿಸುವುದರಿಂದ, ಕ್ಯಾಲ್ಸಿಯಂ ಸಾಕಷ್ಟಿದ್ದರೂ ಗ್ರಂಥಿಗಳು ಹಾರ್ಮೋನು ಸುರಿಸುತ್ತಲೇ ಇರುತ್ತವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಾಮಾನ್ಯ ಜನರಲ್ಲಿ ಶೇ 0.1ರಷ್ಟಿರುವ ಈ ತೊಂದರೆ ಲಿಥಿಯಂ ಸೇವಿಸುವವರಲ್ಲಿ ಸುಮಾರು ಶೇ 10ರಷ್ಟಿದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮೈಕೈ ನೋವು, ಮೂತ್ರಪಿಂಡದ ಕಲ್ಲು, ಕುಗ್ಗಿದ ಮನಸ್ಸು ಇದರ ಲಕ್ಷಣಗಳು. ಕೊನೆಯದನ್ನು ಹಳೆಯ ಕಾಯಿಲೆಯೇ ಮರಳಿತೆಂದು ತಿಳಿಯುವ ಸಾಧ್ಯತೆ ಹೆಚ್ಚು.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಲಕ್ಷಣಗಳಿಗೆಲ್ಲ ಬೇರೊಂದು ಕಾರಣ ಮೊದಲೇ ಸಿದ್ಧವಾಗಿರುತ್ತದೆ. ಹುನಗುಂದ, ಬಾದಾಮಿ ಭಾಗದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದರಿಂದ ಸೊಂಟ, ಮಂಡಿ ನೋವೆಂದರೆ ನೀರಿನ ದೋಷವೆಂದೇ ಅರ್ಥ. ಇಳಕಲ್ಲಿನ ಕುಣಿಮಗ್ಗದಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಸೀರೆ ನೇಯುವವರ ನೋವು ಮಗ್ಗದ ಪಾಲಿಗೆ ಸೇರುತ್ತದೆ. ಬೇಸಿಗೆಯ ಬಾಯಾರಿಕೆಯನ್ನಂತೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಊಹೆಗಳು ತಪ್ಪೆಂದಲ್ಲ, ಆದರೆ ಲಿಥಿಯಂ ಸೇವಿಸುವವರ ವಿಷಯದಲ್ಲಿ ಅಷ್ಟಕ್ಕೇ ನಿಲ್ಲುವುದು ಅಪಾಯಕಾರಿ. ಮಂಡಿ ನೋವೆಂದು ಔಷಧದ ಅಂಗಡಿಯಿಂದ ತಂದುಕೊಳ್ಳುವ ಎರಡು ಮಾತ್ರೆಗಳಲ್ಲಿ ಕ್ಯಾಲ್ಸಿಯಂ ಗುಳಿಗೆ ಮೊದಲೇ ಏರಿರುವ ಕ್ಯಾಲ್ಸಿಯಂ ಅನ್ನು ಇನ್ನಷ್ಟು ಏರಿಸಬಲ್ಲದು, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಮೂತ್ರಪಿಂಡದಿಂದ ಲಿಥಿಯಂ ಹೊರಹೋಗುವುದನ್ನು ತಗ್ಗಿಸಿ ಅದನ್ನು ವಿಷದ ಮಟ್ಟಕ್ಕೆ ಒಯ್ಯಬಲ್ಲದು. ಬೆವರಿ ದೇಹದ ನೀರು, ಉಪ್ಪು ಕಳೆದುಕೊಂಡಾಗಲೂ ಇದೇ ಆಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೊದಲು ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೈಪೋಲಾರ್ ಕಾಯಿಲೆಗೆ ಕೊಡುವ ಬೇರೆ ಔಷಧಗಳೂ ದೋಷಮುಕ್ತವಲ್ಲ. ಕಾರ್ಬಮಾಜೆಪಿನ್ ಯಕೃತ್ತಿನಲ್ಲಿ ವಿಟಮಿನ್ ಡಿ ಬೇಗ ಕರಗುವಂತೆ ಮಾಡಿ ಕ್ಯಾಲ್ಸಿಯಂ ಅನ್ನು ಇಳಿಸುತ್ತದೆ. ವಾಲ್‌ಪ್ರೊಯೇಟ್ ಯುವತಿಯರಲ್ಲಿ ಮುಟ್ಟಿನ ಏರುಪೇರಿಗೂ ಗರ್ಭಸ್ಥ ಶಿಶುವಿನ ಗಂಭೀರ ದೋಷಗಳಿಗೂ ಕಾರಣವಾಗಬಲ್ಲದು.

ಕ್ಯಾಲ್ಸಿಯಂ ಏರಿದೆಯೆಂದ ಮಾತ್ರಕ್ಕೆ ಲಿಥಿಯಂ ಅನ್ನು ತಾವಾಗಿಯೇ ಬಿಟ್ಟುಬಿಡುವುದು ದೊಡ್ಡ ತಪ್ಪು, ಏಕೆಂದರೆ ಥಟ್ಟನೆ ನಿಲ್ಲಿಸಿದರೆ ಉನ್ಮಾದ ಬಿರುಸಾಗಿ ಮರಳಬಹುದು. ಅಲ್ಪ ಏರಿಕೆಯನ್ನು ವೈದ್ಯರು ಕಾದು ನೋಡುತ್ತಾರೆ, ಹೆಚ್ಚಾದರೆ ಔಷಧ ಬದಲಿಸುತ್ತಾರೆ, ಅಪರೂಪಕ್ಕೆ ಗ್ರಂಥಿಯ ಶಸ್ತ್ರಚಿಕಿತ್ಸೆಗೂ ಮುಂದಾಗುತ್ತಾರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಸೇವೆಯ ವ್ಯವಸ್ಥೆಯಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಲಿಥಿಯಂ ಸೇವಿಸುವವರು ವೈದ್ಯರನ್ನು ಕಾಣುವಾಗ, ಲಿಥಿಯಂ ಮಟ್ಟ, ಥೈರಾಯ್ಡ್ ಮತ್ತು ಕ್ರಿಯಾಟಿನೈನ್ ಪರೀಕ್ಷೆಗಳ ಜೊತೆಗೆ ವರ್ಷಕ್ಕೊಮ್ಮೆಯಾದರೂ ಕ್ಯಾಲ್ಸಿಯಂ ಪರೀಕ್ಷೆಯನ್ನೂ ಚೀಟಿಯಲ್ಲಿ ಬರೆಯುವಂತೆ ಕೇಳಿ ಪಡೆಯಬೇಕು.