ಬಣ್ಣದ ಬಾನಿಯಿಂದ ಬಾನೆತ್ತರಕ್ಕೆ

ಅಮೃತಸರದ ಹಳೇ ಪೇಟೆಯ ಇಕ್ಕಟ್ಟಾದ ಓಣಿಯಲ್ಲಿ ಬಣ್ಣಗಾರನ ಒಲೆ ಬೆಳಗಿನಿಂದಲೇ ಉರಿಯುತ್ತಿರುತ್ತದೆ. ಪಂಜಾಬಿನಲ್ಲಿ ಇವನಿಗೆ ಲಲಾರಿ ಎನ್ನುತ್ತಾರೆ. ಕುದಿಯುವ ನೀರಿಗೆ ಒಂದಿಷ್ಟು ಹಳದಿ ಪುಡಿ, ಅದರ ಬೆನ್ನಿಗೇ ಚಿಟಿಕೆ ಕೆಂಪು, ಮೇಲೊಂದು ಹಿಡಿ ಉಪ್ಪು. ತೆಳುವಾದ ಬಿಳಿ ಬಟ್ಟೆಯನ್ನು ಕೋಲಿನಿಂದ ಅದ್ದಿ, ಮಗುಚಿ, ಎತ್ತಿ, ಗಿರಾಕಿ ತಂದ ತುಣುಕಿನ ಪಕ್ಕಕ್ಕೆ ಹಿಡಿದು ನೋಡುತ್ತಾನೆ. ಸರಿಬರಲಿಲ್ಲವೇ, ಮತ್ತೆ ಬಾನಿಗೆ. ಅಳತೆಯೆಲ್ಲ ಅವನ ಕಣ್ಣಲ್ಲೇ ಇದೆ. ಹಿಂಡಿ, ಗಂಜಿ ಹಾಕಿದ ಮೇಲೆ ಇಬ್ಬರು ಹುಡುಗರು ಎರಡು ತುದಿ ಹಿಡಿದು ಬೀಸುತ್ತ ನಿಂತರೆ ಓಣಿಗೆ ಓಣಿಯೇ ಆ ಬಣ್ಣದ ನೆರಳಾಗುತ್ತದೆ. ಒಂದು ಪಗಡಿಗೆ ಐದಾರು ಮೀಟರ್ ಬಟ್ಟೆ ಬೇಕು.

ಹೊಸಿಲ ಬಳಿ ಕುಳಿತು ಗಿರಾಕಿಗಳ ಕೋರಿಕೆಗೆ ಕಿವಿಗೊಡಿ. ಮದುವೆ ಗಂಡಿಗೆ ಗುಲಾಬಿ, ತಾತನಿಗೆ ಬಿಳಿ, ಕಚೇರಿಗೆ ಹೋಗುವವನಿಗೆ ಅಂಗಿಗೆ ಹೊಂದುವ ಕಂದು. ಪಗಡಿ ಇಂಥದೇ ಬಣ್ಣದ್ದಾಗಬೇಕೆಂದು ಸಿಖ್ಖರ ನಡಾವಳಿ ಸಂಹಿತೆಯಾದ ರಹತ್ ಮರ್ಯಾದಾ ಎಲ್ಲೂ ಕಟ್ಟುಮಾಡಿಲ್ಲ. ಆದರೂ ಬಣ್ಣಗಳು ಚರಿತ್ರೆ ಹೊತ್ತುಕೊಂಡೇ ಬರುತ್ತವೆ. ನಾಮಧಾರಿ ಪಂಥದ ಸಿಖ್ಖರು ಅಚ್ಚ ಬಿಳಿಯ ಪಗಡಿಯನ್ನು ಹಣೆಗೆ ಅಡ್ಡಲಾಗಿ, ಚಪ್ಪಟೆಯಾಗಿ ಸುತ್ತುತ್ತಾರೆ. 1921ರಲ್ಲಿ ನನಕಾನಾ ಸಾಹಿಬ್‌ನಲ್ಲಿ ಸಿಖ್ಖರ ಹತ್ಯಾಕಾಂಡ ನಡೆದಾಗ ಸಾವಿರಾರು ಸಿಖ್ಖರು ಕಪ್ಪು ಪಗಡಿ ಕಟ್ಟಿ ದುಃಖವನ್ನೂ ಪ್ರತಿಭಟನೆಯನ್ನೂ ತಲೆಯ ಮೇಲೇ ಹೊತ್ತರು.

ಸಿಖ್ಖರ ಯೋಧ ಪಂಥವಾದ ನಿಹಂಗರದು ನೀಲಿ. ಹೋಳಿಯ ಮರುದಿನ ಆನಂದಪುರ ಸಾಹಿಬ್‌ನ ಹೋಲಾ ಮೊಹಲ್ಲಾದಲ್ಲಿ ಅವರನ್ನು ನೋಡಬೇಕು. ಕುದುರೆಗಳ ಗೊರಸಿಗೆ ಎದ್ದ ಧೂಳಿನ ನಡುವೆ ಕಡುನೀಲಿ ನಿಲುವಂಗಿಗಳು, ಎತ್ತರದ ದುಮಾಲಾ ಪಗಡಿಗಳು, ಅವುಗಳ ಸುತ್ತ ಬಿಸಿಲಿಗೆ ಮಿಂಚುವ ಉಕ್ಕಿನ ಚಕ್ರಗಳು. ಈ ನೀಲಿಯ ಹಿಂದೊಂದು ನೆನಪಿದೆ: ಮೊಘಲರೊಡನೆ ನಡೆದ ಚಮಕೌರ್ ಯುದ್ಧದ ಬಳಿಕ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗ್ ಮಾಛಿವಾಡಾದಿಂದ ನೀಲಿ ಉಡುಪಿನಲ್ಲಿ, ಸೂಫಿ ಪೀರರ ವೇಷದಲ್ಲಿ ಪಾರಾದರು. ಅವರ ಜೊತೆಗೆ ನಿಂತವರು ನಬಿ ಖಾನ್, ಘನಿ ಖಾನ್ ಎಂಬ ಪಠಾಣ ಸೋದರರು ಎಂದು ಪರಂಪರೆ ಹೇಳುತ್ತದೆ. ಆ ನೀಲಿಯಲ್ಲಿ ಶೌರ್ಯದ ಜೊತೆಗೆ ಈ ಸ್ನೇಹವೂ ಬೆರೆತಿದೆ ಎಂಬುದು ನನಗೆ ಬಹಳ ದೊಡ್ಡ ಮಾತು.

ಈಗ ಬಾವುಟದ ಬಳಿಗೆ ಬನ್ನಿ. ವೈಶಾಖಿಯ ಹೊತ್ತಿಗೆ ಎಷ್ಟೋ ಗುರುದ್ವಾರಗಳಲ್ಲಿ ಸಿಖ್ಖರ ಧ್ವಜವಾದ ನಿಶಾನ್ ಸಾಹಿಬ್‌ನ ಕಂಬಕ್ಕೆ ಸುತ್ತಿದ ಹಳೇ ಹೊದಿಕೆಯನ್ನು ಬಿಚ್ಚುತ್ತಾರೆ. ಬಿಸಿಲು ಮಳೆಗೆ ಸಿಕ್ಕಿದ ಬಟ್ಟೆ ಒಂದೊಂದು ಕಡೆ ಒಂದೊಂದು ಥರ ಮಾಸಿರುತ್ತದೆ. ಹಾಲು ಬೆರೆಸಿದ ನೀರಿನಿಂದ ಕಂಬ ತೊಳೆಯಲು ಹತ್ತಾರು ಕೈಗಳು ಮುಂದಾಗುತ್ತವೆ. ಅಜ್ಜಿಯರು ಅಂಗೈಯಲ್ಲೇ ಕಂಬ ಒರೆಸುತ್ತಾರೆ. ಒಳಗಿನಿಂದ ತುಪ್ಪದಲ್ಲಿ ಗೋಧಿಹಿಟ್ಟು ಹುರಿಯುವ ಕಡಾಹ್ ಪ್ರಸಾದದ ಘಮ. ಹೊಸ ಹೊದಿಕೆಯಾದ ಚೋಲಾ ಕಂಬವನ್ನು ಅಪ್ಪುತ್ತಿದ್ದಂತೆ ಜೈಕಾರ ಏಳುತ್ತದೆ. ತ್ರಿಕೋನ ಪತಾಕೆಯ ನಡುವೆ ಖಂಡಾ: ಇಬ್ಬಾಯಿಯ ಕತ್ತಿ, ಸುತ್ತ ಚಕ್ರ, ಅಕ್ಕಪಕ್ಕ ಎರಡು ಕೃಪಾಣ.

ಈ ಬಟ್ಟೆಯ ಬಣ್ಣಕ್ಕೆ ಮಾತ್ರ ಕಟ್ಟುಪಾಡಿದೆ. ಸಾಸಿವೆ ಹೂವಿನ ಬಸಂತಿ, ಇಲ್ಲವೇ ಬೂದು ಬೆರೆತ ನೀಲಿಯಾದ ಸುರ್ಮಈ. ಬಣ್ಣಗಾರನ ಆ ಚಿಟಿಕೆ ಕೆಂಪು ಹೆಚ್ಚಾಗುತ್ತ ಹೋದಂತೆ ಬಸಂತಿ ಕೇಸರಿಯಾಗಿಬಿಡುತ್ತದೆ. ಎಷ್ಟೋ ಕಡೆ ಹಾಗೆಯೇ ಆಗಿತ್ತು. 2024ರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ರಹತ್ ಮರ್ಯಾದಾದಂತೆ ಈ ಎರಡೇ ಬಣ್ಣ ಬಳಸಿ ಎಂದು ತನ್ನ ಗುರುದ್ವಾರಗಳಿಗೆ ತಿಳಿಸಿತು. ಹೊರಗಿನವರಿಗೆ ಇದು ಸಣ್ಣ ಛಾಯೆಯ ಮಾತು. ತನ್ನ ಗುರುತನ್ನು ತಾನೇ ಕಾಯ್ದುಕೊಳ್ಳುವ ಸಮುದಾಯಕ್ಕೆ ಅದು ಸಣ್ಣದಲ್ಲ.

ನಗರ ಕೀರ್ತನೆಯ ಮೆರವಣಿಗೆ ಹೊರಟಾಗ ಮುಂದಿನವರು ಬೀದಿ ಗುಡಿಸುತ್ತ, ನೀರು ಚಿಮುಕಿಸುತ್ತ ಹೋಗುತ್ತಾರೆ. ಆ ಒದ್ದೆ ನೆಲದ ಮೇಲೆ ಒಂದೇ ಬಣ್ಣದ ಉಡುಪಿನಲ್ಲಿ ಪಂಜ್ ಪ್ಯಾರೇ ಬರಿಗಾಲಲ್ಲಿ ನಡೆದುಬರುತ್ತಾರೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಮೊದಲ ಐವರ ಪ್ರತಿನಿಧಿಗಳು ಇವರು. ಆ ಐವರಲ್ಲಿ ಜಗನ್ನಾಥಪುರಿಯ ನೀರು ಹೊರುವವನಿದ್ದ, ದ್ವಾರಕೆಯ ಬಟ್ಟೆಗೆ ಅಚ್ಚೊತ್ತುವ ಕುಲದವನಿದ್ದ, ನಮ್ಮ ಬೀದರಿನ ಕ್ಷೌರಿಕ ಮನೆತನದವನಿದ್ದ. ಒಂದೇ ಬಟ್ಟಲಿನ ಅಮೃತ ಕುಡಿದು ಎಲ್ಲರೂ ಸಿಂಗ್ ಆದರು. ಬೀದರಿನ ಸಾಹಿಬ್ ಚಂದ್ ಅಂದಿನಿಂದ ಭಾಯಿ ಸಾಹಿಬ್ ಸಿಂಗ್.