ಅಳೆಯಹೋದರೆ ಇಳಿಯುವ ಒತ್ತಡ

ಕೋಲಾರದ ಕಡೆಯ ಮಣ್ಣಿನ ಟ್ರ್ಯಾಕ್‌ನಲ್ಲಿ ಹಾರಿ ಕುಣಿದು ಸುಸ್ತಾದ ಬೈಕೊಂದರ ಹಿಂದಿನ ಶಾಕ್‌ಅಬ್ಸಾರ್ಬರ್, ಸ್ಪ್ರಿಂಗ್ ಕಳಚಿಕೊಂಡು ವೈಸ್‌ನಲ್ಲಿ ಸಿಕ್ಕಿಕೊಂಡಿತ್ತು. ರಾಡ್ ಒತ್ತಿದರೆ ಒತ್ತಿದಲ್ಲೇ ಕೂರುತ್ತಿತ್ತು. ಮೆಕ್ಯಾನಿಕ್ ಹೊಸ ಆಯಿಲ್ ತುಂಬಿ, ಗುಳ್ಳೆಗಳನ್ನೆಲ್ಲ ಹೊರಹಾಕಿ, ನೈಟ್ರೋಜನ್ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದರು. ‘ಈಗ ಒತ್ತಿ ನೋಡಿ ಸಾರ್’ ಅಂದರು. ಮೈಭಾರ ಹಾಕಿದ ಮೇಲೆಯೇ ರಾಡ್ ಒಳಗಿಳಿದದ್ದು. ಕೈ ತೆಗೆದೆ; ಯಾರೋ ಒಳಗಿಂದ ನೂಕಿದ ಹಾಗೆ ಎದ್ದು ಬಂತು!

ಹಾಗಾದರೆ ಸವಾರನನ್ನು ಹೊರುವುದು ಈ ಗ್ಯಾಸೇ? ಅಲ್ಲ. 16 ಮಿಲಿಮೀಟರ್ ದಪ್ಪದ ರಾಡಿನ ಮೇಲೆ 10 ಬಾರ್ ಒತ್ತಡ ಬಿದ್ದರೆ ಸಿಗುವ ಬಲ ಸುಮಾರು 20 ಕಿಲೋ ಮಾತ್ರ. ಮಿಲಿಮೀಟರಿಗೆ 5 ಕಿಲೋ ಬೇಡುವ ಸ್ಪ್ರಿಂಗ್ ಅಷ್ಟನ್ನು ನಾಲ್ಕೇ ಮಿಲಿಮೀಟರಿನಲ್ಲಿ ಕೊಡುತ್ತದೆ. ಗ್ಯಾಸಿನ ಕೆಲಸ ಆಯಿಲ್‌ಗೆ ಕಾವಲು ನಿಲ್ಲುವುದು. ಪಿಸ್ಟನ್ ರಭಸದಿಂದ ಓಡಿದಾಗ ಅದರ ಹಿಂಬದಿಯಲ್ಲಿ ಒತ್ತಡ ಕುಸಿದು ಆಯಿಲ್‌ನಲ್ಲಿ ಗುಳ್ಳೆ ಏಳುತ್ತದೆ, ಗೋಲಿಸೋಡಾದ ಗೋಲಿ ಒಳಕ್ಕೆ ತಳ್ಳಿದಾಗ ಏಳುವಂತೆ. ಗುಳ್ಳೆ ತುಂಬಿದ ಆಯಿಲ್‌ಗೆ ತಡೆಯುವ ಶಕ್ತಿ ಇರದು, ಹಿಂಚಕ್ರ ಒದೆಯತೊಡಗುತ್ತದೆ. ಶಾಕ್‌ಗೆ ಜೋಡಿಸಿದ ರಿಸರ್ವಾಯರ್ ಡಬ್ಬಿಯ ರಬ್ಬರ್ ಬ್ಲ್ಯಾಡರ್‌ನೊಳಗಿನ ಗ್ಯಾಸ್ ಆಯಿಲನ್ನು ಸದಾ ಅದುಮಿಟ್ಟು ಗುಳ್ಳೆಯನ್ನು ಹುಟ್ಟಲು ಬಿಡುವುದಿಲ್ಲ.

ಗ್ಯಾಸಿನಿಂದ ಆಯಿಲ್ ಅದುಮಿಡುವ ಈ ಉಪಾಯ ಫ್ರಾನ್ಸಿನ ಡಿ ಕಾರ್ಬನ್‌ನದು. 1950ರ ದಶಕದಲ್ಲಿ ಅದು ಕಾರುಗಳಿಗೆ ಬಂತು. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಬೈಕಿಗೆ ಅಂಥದ್ದೇ ಗ್ಯಾಸ್ ತುಂಬಿದ ಒಂಟಿ ಶಾಕ್ ಕೂರಿಸಿದ; ಯಮಾಹಾ ಆ ವಿನ್ಯಾಸವನ್ನು ಕೊಂಡಿತು. 1973ರಲ್ಲಿ ಹಾಕನ್ ಆಂಡರ್ಸನ್ ಅದೇ ಬಗೆಯ ಬೈಕಿನಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದ. ನಮ್ಮ ಸಿ.ಎಸ್. ಸಂತೋಷ್, ಕೆ.ಪಿ. ಅರವಿಂದ್ ಡಕಾರ್ ರ‍್ಯಾಲಿಯಲ್ಲಿ ಓಡಿಸಿದ ಬೈಕುಗಳ ಬೆನ್ನಿಗಿದ್ದದ್ದೂ ಒಂಟಿ ಶಾಕೇ.

ನನ್ನನ್ನು ಇನ್ನೂ ಬಿಡದ ವಿಚಾರ ಬೇರೆ. ಶಾಕ್ ಒಳಗಿನ ಗ್ಯಾಸಿನ ಒತ್ತಡವನ್ನು ಅಳೆಯಹೋದರೆ ಅಳೆಯುವುದರಲ್ಲೇ ಅದು ಇಳಿಯುತ್ತದೆ. ಟಯರ್‌ನಲ್ಲಿ ಲೀಟರುಗಟ್ಟಲೆ ಗಾಳಿ. ಗೇಜು ಕದ್ದದ್ದು ಲೆಕ್ಕಕ್ಕಿಲ್ಲ. ಇಲ್ಲಿ ಗ್ಯಾಸಿಗಿರುವ ಜಾಗ ತೀರ ಸಣ್ಣದು. ಅದರ ಹತ್ತನೇ ಒಂದು ಭಾಗದಷ್ಟು ಜಾಗ ಗೇಜಿನ ಪೈಪಿನಲ್ಲಿದ್ದರೂ ಸಾಕು, 10 ಬಾರ್ ಇದ್ದದ್ದು 9ಕ್ಕೆ ಇಳಿದಿರುತ್ತದೆ. ಕಳಚುವಾಗ ವಾಲ್ವ್‌ನಿಂದ ಸೋರುವುದು ಬೇರೆ. ಅಂದರೆ ಗೇಜಿನ ಮುಳ್ಳು ತೋರಿಸುವುದು ಅಳೆದ ಮೇಲಿನ ಒತ್ತಡವನ್ನು. ಅಳೆಯುವ ಮುಂಚೆ ಎಷ್ಟಿತ್ತೆಂದು ಅದರ ಮುಖ ನೋಡಿ ಹೇಳಲಾಗದು. ಬಲ್ಲವರು ಅದಕ್ಕೇ ‘ಚೆಕ್’ ಮಾಡುವುದಿಲ್ಲ, ನೇರ ರೀಚಾರ್ಜ್ ಮಾಡುತ್ತಾರೆ. ಪೈಪ್ ತೆಗೆಯುವ ಮೊದಲೇ ವಾಲ್ವ್ ಮುಚ್ಚಿಕೊಳ್ಳುವಂಥ ವಿಶೇಷ ಚಕ್ ಬಳಸುತ್ತಾರೆ.

ನೈಟ್ರೋಜನ್ನೇ ಏಕೆ? ಪೆಟ್ರೋಲ್ ಬಂಕ್‌ನವರು ಅದನ್ನು ಅಮೃತದಂತೆ ಮಾರುವುದು ಕಂಡು ನನಗೆ ಮೊದಲಿಂದಲೂ ಗುಮಾನಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ಅದೇ ಇದೆಯಲ್ಲ! ಆದರೆ ಶಾಕ್‌ನ ವಿಷಯದಲ್ಲಿ ಹಟ ಬಿಟ್ಟಿದ್ದೇನೆ. ಕಂಪ್ರೆಸರ್ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಬಿಸಿ ಏರಿದಂತೆ ಅದು ಆವಿಯಾಗಿ ಒತ್ತಡದ ಲೆಕ್ಕ ತಪ್ಪಿಸುತ್ತದೆ. ಆಮ್ಲಜನಕ ರಬ್ಬರನ್ನೂ ಆಯಿಲನ್ನೂ ಕೆಡಿಸುತ್ತದೆ. ಸಿಲಿಂಡರಿನ ನೈಟ್ರೋಜನ್ ಒಣಗಿರುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ.

ಮನೆಯಲ್ಲೇ ಬಿಚ್ಚುವ ಉತ್ಸಾಹಿಗಳು ನೆನಪಿಡಬೇಕಾದದ್ದು: ಒತ್ತಡ ಪೂರ್ತಿ ಬಿಡದೆ ರಿಸರ್ವಾಯರ್ ಮುಚ್ಚಳಕ್ಕೆ ಕೈ ಹಾಕಿದರೆ ಅದು ಮುಖಕ್ಕೇ ಹಾರೀತು. ಟಯರ್ ಗೇಜ್ ಹಿಡಿದು ಸುಮ್ಮನೆ ‘ನೋಡೋಣ’ ಎನ್ನುವವರು ಹತ್ತಿರದಲ್ಲಿ ಸಿಲಿಂಡರ್ ಇದ್ದರಷ್ಟೇ ವಾಲ್ವ್ ಕ್ಯಾಪ್ ಬಿಚ್ಚಲಿ.