ವ್ಯಾಯಾಮಕ್ಕೆ ಗುರು ಏಕೆ? ಎಂಥ ಗುರು?

ಆರೋಗ್ಯವೇ ಭಾಗ್ಯ ಎಂಬ ಮಾತನ್ನು ನಾವೆಲ್ಲರೂ ಶಾಲೆಯ ಗೋಡೆಯ ಮೇಲೆ ಓದಿದ್ದೇವೆ. ಆದರೆ ಆ ಭಾಗ್ಯವನ್ನು ಗಳಿಸುವ ಬಗೆಯನ್ನು ಗೋಡೆ ಹೇಳುವುದಿಲ್ಲ. ಗಣಿತಕ್ಕೆ ಗುರು ಬೇಕು, ವ್ಯಾಕರಣಕ್ಕೆ ಗುರು ಬೇಕು, ಹೊಲಿಗೆ ಕಲಿಯಲೂ ಗುರು ಬೇಕೆಂದು ಒಪ್ಪುವ ನಾವು, ಶರೀರವನ್ನು ಬಲಪಡಿಸುವ ವಿದ್ಯೆಗೆ ಮಾತ್ರ ಗುರು ಬೇಡವೆಂದು ತಿಳಿದಿರುವುದು ಸೋಜಿಗವಲ್ಲವೆ?

ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಜಹೀರಾಬಾದ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಈ ಸೀಮೆಯಲ್ಲಿ ಕುಸ್ತಿ ಕಲಿಸುವ ಮನೆಗೆ ಗರಡಿಮನೆ ಎಂದೂ ತಾಲೀಮು ಎಂದೂ ಎರಡು ಹೆಸರು. ತಾಲೀಮು ಎಂಬ ಅರಬ್ಬಿ ಮೂಲದ ಮಾತಿಗೆ ವಿದ್ಯೆ, ಬೋಧನೆ ಎಂದು ಅರ್ಥ. ಅಲ್ಲಿ ಕಲಿಸುವವನು ಉಸ್ತಾದ, ಎಂದರೆ ಗುರು. ದಂಡ, ಬೈಠಕ್, ಗದೆ ತಿರುಗಿಸುವುದು, ಮಲ್ಲಕಂಬ ಏರುವುದು ಎಲ್ಲವೂ ಉಸ್ತಾದನ ಕಣ್ಣೆದುರಿಗೇ ನಡೆಯಬೇಕು. ಇಂದು ಹುಡುಗನಿಗೆ ಎಷ್ಟು ದಂಡ ಸಾಕು, ನಾಳೆ ಎಷ್ಟು ಹೆಚ್ಚಿಸಬೇಕು ಎಂಬುದನ್ನು ಅವನೇ ಹೇಳುತ್ತಿದ್ದನು. ಇಂದು ಪೇಟೆಯಲ್ಲಿ 'ಪರ್ಸನಲ್ ಟ್ರೇನರ್' ಎಂದು ಕರೆಯಿಸಿಕೊಳ್ಳುವವರ ಕೆಲಸವೂ ಮೂಲತಃ ಇದೇ ಆಗಿದೆ.

ಇಂಥ ಗುರುವಿನಿಂದ ಆಗುವ ಪ್ರಯೋಜನಗಳೇನು?

ಮೊದಲನೆಯದು, ಅಳತೆ. ಓಟವನ್ನು ಆರಂಭಿಸಿದವನ ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಆದರೆ ಮೂಳೆಗಳೂ ಸ್ನಾಯುಗಳನ್ನು ಮೂಳೆಗೆ ಬಿಗಿಯುವ ನರಹುರಿಗಳೂ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಉಸಿರು ಸಾಗುತ್ತದೆಂದು ದೂರವನ್ನು ಒಮ್ಮೆಲೇ ಹೆಚ್ಚಿಸಿದರೆ ಮೊಣಕಾಲ ಕೆಳಗಿನ ಮೂಳೆ ನೋಯತೊಡಗುತ್ತದೆ. ಈ ವ್ಯತ್ಯಾಸ ಕಲಿಯುವವನಿಗೆ ಕಾಣುವುದಿಲ್ಲ, ಕಲಿಸುವವರಿಗೆ ಕಾಣುತ್ತದೆ.

ಎರಡನೆಯದು, ತಪ್ಪನ್ನು ತಿದ್ದುವುದು. ಭಾರವೆತ್ತುವಾಗ ಬೆನ್ನು ಬಾಗಿದೆಯೇ ಎಂಬುದನ್ನು ಎತ್ತುವವನು ತಾನೇ ನೋಡಿಕೊಳ್ಳಲಾರನು. ಮೊಬೈಲಿನ ಚಿತ್ರದಲ್ಲಿ ಕಲಿಸುವವರು ನಮಗೆ ಕಾಣುತ್ತಾರೆ. ಅವರಿಗೆ ನಾವು ಕಾಣುವುದಿಲ್ಲ.

ಮೂರನೆಯದು, ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆಯಲ್ಲಿ ತೊಡಗಿರಬೇಕು. ಒಬ್ಬರೇ ಇದ್ದರೆ ಇಂದು ಮಳೆ, ನಾಳೆ ಪರೀಕ್ಷೆ ಎಂದು ನೆಪ ಹೇಳುತ್ತೇವೆ. ಮೈದಾನದಲ್ಲಿ ಒಬ್ಬರು ನಮಗಾಗಿ ಕಾದಿದ್ದಾರೆಂದರೆ ಏಳದೆ ಇರಲಾಗುವುದಿಲ್ಲ.

ನಾಲ್ಕನೆಯದು, ಶಕ್ತಿಯನ್ನು ಗುರುತಿಸುವುದು. ಪಿ. ಟಿ. ಉಷಾ ಅವರನ್ನು ಕಣ್ಣೂರಿನ ಕ್ರೀಡಾ ವಿಭಾಗದಲ್ಲಿ ತರಬೇತುಗೊಳಿಸಿದವರು ಓ. ಎಂ. ನಂಬಿಯಾರ್. ವೇಗದ ಓಟಗಾರ್ತಿಯಾಗಿದ್ದ ಶಿಷ್ಯೆಯನ್ನು ಅವರು ಅಡೆತಡೆ ಓಟಕ್ಕೂ ಸಿದ್ಧಪಡಿಸಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಅಡೆತಡೆ ಓಟದಲ್ಲಿ ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚಿನ ಪದಕವನ್ನು ಕಳೆದುಕೊಂಡರು. ಮರುವರ್ಷ, 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದಾಗ ಅದನ್ನು ಮೊದಲು ಪಡೆದವರಲ್ಲಿ ನಂಬಿಯಾರ್ ಒಬ್ಬರು.

ಅಷ್ಟು ದೂರವೇಕೆ? ನಮ್ಮ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು ವೃತ್ತಿಯಿಂದ ಶಾಲಾ ಮಾಸ್ತರರು. ಬಲಗಾಲಿನಲ್ಲಿ ಆಡುವವರಿಗೆ ಎಡಗಾಲಿನಲ್ಲೇ ಚೆಂಡು ಒದೆಯುವ ಅಭ್ಯಾಸ ಮಾಡಿಸಿದವರು. ಅವರು ಕಲಿಸಿದ ಭಾರತದ ಫುಟ್‌ಬಾಲ್ ತಂಡವು 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು; 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 2022ರಲ್ಲಿ ಇಸ್ತಾಂಬುಲಿನಲ್ಲಿ ಮುಷ್ಟಿಯುದ್ಧದ ವಿಶ್ವ ಚಾಂಪಿಯನ್ ಆದ ನಿಖತ್ ಜರೀನ್ ನಿಜಾಮಾಬಾದಿನ ಹೆಣ್ಣುಮಗಳು. ಆಕೆಯ ಮೊದಲ ಗುರು ಆಕೆಯ ತಂದೆಯೇ.

ಗುರುವಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ತೆಲಂಗಾಣದ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ 2022ರ ಪ್ರಕಟಣೆಯಂತೆ ಗಂಡಸರು 1600 ಮೀಟರನ್ನು 7 ನಿಮಿಷ 15 ಸೆಕೆಂಡುಗಳಲ್ಲಿಯೂ ಹೆಂಗಸರು 800 ಮೀಟರನ್ನು 5 ನಿಮಿಷ 20 ಸೆಕೆಂಡುಗಳಲ್ಲಿಯೂ ಓಡಬೇಕಿತ್ತು. ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬನು ಬರಹದ ಪರೀಕ್ಷೆಯನ್ನು ಚೆನ್ನಾಗಿಯೇ ಬರೆದಿದ್ದನು. ತಂದೆ ಕಲ್ಲಿನ ಗಣಿಯಲ್ಲಿ ಕೂಲಿ. ಮನೆಗೆ ಬರಬೇಕಾಗಿದ್ದ ಮೊದಲ ಸಂಬಳ ಅದು. ಯಾರನ್ನೂ ಕೇಳದೆ ಆತ ದಿನಕ್ಕೆ ಎರಡು ಹೊತ್ತು ಡಾಂಬರು ರಸ್ತೆಯ ಮೇಲೆ ಓಡಿದನು. ಹದಿನೈದು ದಿನಕ್ಕೆ ಕಾಲು ನೋಯಿತು. ನೋವನ್ನು ಹೇಳಿದರೆ ಹೇಡಿ ಎಂದಾರೆಂದು ಸುಮ್ಮನಿದ್ದನು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಎಂದು ವೈದ್ಯರು ಹೇಳಿದಾಗ ಓಟದ ದಿನ ಹತ್ತಿರವಾಗಿತ್ತು. ಅವನು ಓಡಲಿಲ್ಲ. ಅವನ ಗೆಳೆಯನು ನಿವೃತ್ತ ಡ್ರಿಲ್ ಮಾಸ್ತರರ ಬಳಿಗೆ ಹೋಗುತ್ತಿದ್ದನು. ಅವರು ವಾರಕ್ಕೆ ಎರಡು ದಿನ ಓಟವನ್ನೇ ಬಿಡಿಸುತ್ತಿದ್ದರು, ಮಣ್ಣಿನ ಹಾದಿಯಲ್ಲಿ ಓಡಿಸುತ್ತಿದ್ದರು. ಆ ಗೆಳೆಯನು ತೇರ್ಗಡೆಯಾದನು. ಇಬ್ಬರ ಶ್ರಮದಲ್ಲಿ ಕೊರತೆಯಿರಲಿಲ್ಲ. ಒಬ್ಬನಿಗೆ ಹೇಳುವವರಿದ್ದರು, ಇನ್ನೊಬ್ಬನಿಗೆ ಇರಲಿಲ್ಲ.

ಹಾಗಾದರೆ ಎಂಥವರನ್ನು ಆರಿಸಬೇಕು? ಕಟ್ಟುಮಸ್ತಾದ ಮೈಯೊಂದೇ ಯೋಗ್ಯತೆಯಲ್ಲ. ಚೆನ್ನಾಗಿ ಉಣ್ಣುವವರೆಲ್ಲ ಚೆನ್ನಾಗಿ ಅಡಿಗೆ ಮಾಡುತ್ತಾರೆಯೆ? ನಾವು ವಿಚಾರಿಸಬೇಕಾದ ಸಂಗತಿಗಳು ಇವು:

1. ಅವರು ಎಲ್ಲಿ ಕಲಿತರು? ದೈಹಿಕ ಶಿಕ್ಷಣದ ಪದವಿಯೋ, 1961ರಲ್ಲಿ ಸ್ಥಾಪಿತವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿಯೋ ಇದ್ದರೆ ಒಳ್ಳೆಯದು. ಪ್ರಮಾಣಪತ್ರವನ್ನು ತೋರಿಸಿರೆಂದು ವಿನಯದಿಂದ ಕೇಳಿದರೆ ತಪ್ಪಿಲ್ಲ.

2. ಮೊದಲ ದಿನ ಅವರು ಏನು ಮಾಡುತ್ತಾರೆ? ಹಳೆಯ ಪೆಟ್ಟು, ಉಬ್ಬಸ, ಮನೆಯವರ ಹೃದ್ರೋಗ ಇವುಗಳನ್ನು ಕೇಳದೆಯೇ ಭಾರ ಎತ್ತಿಸುವವರಿಂದ ದೂರವಿರಬೇಕು.

3. ಅವರ ಹಳೆಯ ಶಿಷ್ಯರು ಹೇಗಿದ್ದಾರೆ? ಗೆದ್ದವರನ್ನಷ್ಟೇ ಅಲ್ಲ, ಬಿಟ್ಟು ಹೋದವರನ್ನೂ ಕೇಳಬೇಕು.

4. ನಮ್ಮ ಮಾತು ಅವರಿಗೆ ತಿಳಿಯುತ್ತದೆಯೆ? ನಮ್ಮ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ತಾಲೀಮಿನಲ್ಲಿ ಉರ್ದು ನಡೆಯುತ್ತವೆ. ಯಾವ ಭಾಷೆಯಾದರೂ ಸರಿಯೇ. ನೋವು ಎಲ್ಲಿದೆ, ಹೇಗಿದೆ ಎಂಬುದನ್ನು ಅಂಜದೆ ಹೇಳುವಂತಿರಬೇಕು.

5. ಪುಡಿ, ಮಾತ್ರೆ, ಸೂಜಿಮದ್ದುಗಳನ್ನು ಮಾರುತ್ತಾರೆಯೆ? ಮಾರುವುದಾದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬರಬೇಕು. ಮೈ ಬೆಳೆಸುವುದಕ್ಕಾಗಿ ಪ್ರೋಟೀನ್ ಪುಡಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ ತಿಳಿಸಿದೆ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. 2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿ ನಮ್ಮ ಮನೆಯ ಡಬ್ಬಿಯಲ್ಲೇ ಇರುವಾಗ ಬಣ್ಣದ ಡಬ್ಬಿಗೆ ಹಣ ಸುರಿಯುವುದೇಕೆ?

6. ಕಲಿಸುವ ಸ್ಥಳ ಬಯಲಾಗಿದೆಯೆ? ಹೆಣ್ಣುಮಕ್ಕಳೇ ಆಗಲಿ ಗಂಡುಮಕ್ಕಳೇ ಆಗಲಿ, ತಂದೆತಾಯಿಗಳು ಯಾವ ಹೊತ್ತಿನಲ್ಲಿ ಬಂದರೂ ನೋಡುವಂತಿರಬೇಕು. ಬರಬೇಡಿರೆಂದು ಹೇಳುವವರಲ್ಲಿಗೆ ಮಕ್ಕಳನ್ನು ಕಳುಹಿಸಲಾಗದು.

7. ಹಣ ಎಷ್ಟು, ಯಾವಾಗ? ವರ್ಷದ ಹಣವನ್ನು ಒಟ್ಟಿಗೆ ಕಟ್ಟದೆ, ಒಂದು ವಾರ ನೋಡಿ, ಆಮೇಲೆ ತಿಂಗಳಿಗೊಮ್ಮೆ ಕೊಡುವುದು ಲೇಸು. ಮೂರು ತಿಂಗಳಲ್ಲಿ ಭೀಮನನ್ನಾಗಿ ಮಾಡುತ್ತೇವೆಂಬ ಮಾತಿಗೆ ಮರುಳಾಗಬಾರದು.

ಹಣವಿದ್ದವರಿಗೆ ಮಾತ್ರ ಈ ಮಾತೆಂದು ಯಾರೂ ತಿಳಿಯಬಾರದು. ನಾಲ್ಕು ಮಂದಿ ಕೂಡಿ ಒಬ್ಬರನ್ನು ಗೊತ್ತುಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಊರಿನ ಹಳೆಯ ಪೈಲವಾನರನ್ನೂ ನಿವೃತ್ತ ಸೈನಿಕರನ್ನೂ ಗೌರವದಿಂದ ಕೇಳಿಕೊಂಡರೆ ಕಲಿಸಲು ಒಪ್ಪುವವರು ಇದ್ದೇ ಇರುತ್ತಾರೆ. ಮೇಲಿನ ಪ್ರಶ್ನೆಗಳು ಅವರಿಗೂ ಸಲ್ಲುತ್ತವೆ. ಎಲ್ಲಕ್ಕಿಂತ ಮೊದಲು ನಮ್ಮ ಶಾಲೆಯ ದೈಹಿಕ ಶಿಕ್ಷಣದ ಗುರುಗಳಿದ್ದಾರೆ. ಆಟದ ಅವಧಿಯನ್ನು ಲೆಕ್ಕದ ಪಾಠಕ್ಕೆ ಬಿಟ್ಟುಕೊಡುವ ರೂಢಿಯನ್ನು ನಾವು ಕೈಬಿಟ್ಟರೆ ಅವರ ವಿದ್ಯೆ ನಮಗೆ ಪುಕ್ಕಟೆಯಾಗಿಯೇ ದೊರೆಯುತ್ತದೆ.

ವಿದ್ಯಾರ್ಥಿ ಮಿತ್ರರೆ, ಹತ್ತನೆಯ ತರಗತಿ ಮುಗಿದ ಮೇಲೆ ನಮ್ಮಲ್ಲಿ ಅನೇಕರು ಪೊಲೀಸ್, ಸೈನ್ಯಗಳ ನೌಕರಿಗೆ ಓಡಬೇಕಾದವರು. ಓಡುವ ಮೊದಲು ತಿಳಿದವರೊಬ್ಬರನ್ನು ಕೇಳೋಣ. ಕಾಲು ನೋಯುತ್ತಿದೆ ಎಂದು ಹೇಳಲು ನಾಚದಿರೋಣ.